ಬಾನೆಟ್ಟಿನಿಂದ ಇಳಿದ ಕೃಷ್ಣಾ ತೀರ್ಥ

ಮದುವೆಯಾದ ಗಂಡಸಿಗೆ ಈ ಭೂಮಂಡಲದಲ್ಲಿ ಉಳಿದಿರುವ ಕಟ್ಟಕಡೆಯ ಸಾಮ್ರಾಜ್ಯವೆಂದರೆ ಕಾರಿನ ಸ್ಟೀರಿಂಗು. ಮನೆಯ ಟೀವಿ ರಿಮೋಟು ನನ್ನ ಕೈತಪ್ಪಿ ಬಹಳ ಕಾಲವಾಯಿತು. ಫ್ಯಾನು ಎಷ್ಟು ಜೋರಾಗಿ ತಿರುಗಬೇಕೆಂದು ಹೇಳುವ ಹಕ್ಕೂ ಹೋಯಿತು. ಬ್ಯಾಂಕಿನಲ್ಲಿ ನಾನು ಮ್ಯಾನೇಜರ್ ಹೌದು, ಆದರೆ ಕಂಪ್ಯೂಟರು ಒಪ್ಪಿದ್ದನ್ನು ನಾನೂ ಒಪ್ಪುವುದಷ್ಟೇ ಅಲ್ಲಿ ನನ್ನ ಕೆಲಸ. ಹಾಗಾಗಿ ಕಾರಿನ ವಿಷಯದಲ್ಲಿ ಯಾರಾದರೂ ನನಗೆ ಬುದ್ಧಿ ಹೇಳಿದರೆ ಮೈಯೆಲ್ಲ ಉರಿಯುತ್ತದೆ. (ಹೇಳುವವಳು ಒಬ್ಬಳೇ. ಹೆಸರು ಪದ್ಮಾ. ಎಡಗಡೆಯ ಸೀಟಿನಲ್ಲಿ ಕೂರುತ್ತಾಳೆ.)

ನಾವು ಹಾವೇರಿ ಕಡೆಯವರು. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದೆವು. ನಾವು ಬಂದದ್ದೇ ತಡ, ನಮ್ಮ ಮಗಳು ಜಾಹ್ನವಿ ಇಲ್ಲಿಯೇ ಒಬ್ಬ ಹುಡುಗನನ್ನು ಮೆಚ್ಚಿ ಮದುವೆಯಾದಳು. ಅಳಿಯ ಅನಿಲ್‌ಕುಮಾರ್ ಪರವಾಡದ ಒಂದು ಔಷಧಿ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆ ಮಾಡುವವನು. ಅವನ ತಂದೆತಾಯಿ, ಅಂದರೆ ನಮ್ಮ ಬೀಗರು, ವಿಜಯವಾಡದಲ್ಲಿದ್ದಾರೆ. ಬೀಗರು ದುರ್ಗಾಪ್ರಸಾದ್ ಅಪ್ಪಟ ತೆಲುಗರು. ಬೀಗಿತ್ತಿ ಲಕ್ಷ್ಮೀಕಾಂತಮ್ಮನವರ ತವರು ಬಳ್ಳಾರಿ. ಹಾಗಾಗಿ ಅವರ ಕನ್ನಡ ಬಳ್ಳಾರಿಯಲ್ಲಿ ಹೊರಟು ವಿಜಯವಾಡದಲ್ಲಿ ಇಳಿಯುತ್ತದೆ. ನನ್ನನ್ನು ‘ಅನ್ನಯ್ಯಗಾರು’, ಅಂದರೆ ಅಣ್ಣ, ಎನ್ನುತ್ತಾರೆ; ಅವರೂ ಪದ್ಮಾಳೂ ಒಬ್ಬರನ್ನೊಬ್ಬರು ‘ವದಿನಗಾರು’, ಅಂದರೆ ಅತ್ತಿಗೆ, ಎನ್ನುತ್ತಾರೆ. ತುಂಬ ಒಳ್ಳೆಯವರು, ತುಂಬ ಮಡಿ. ಮಗಳು ಅವರ ಸೊಸೆಯಾಗಿ ವರ್ಷ ಕೂಡ ಕಳೆದಿರಲಿಲ್ಲವಾದ್ದರಿಂದ ಅವರ ಎದುರು ನಾನು ಬ್ಯಾಂಕಿನ ಇನ್ಸ್‌ಪೆಕ್ಷನ್ನಿಗಿಂತ ಹೆಚ್ಚು ಎಚ್ಚರದಿಂದ ಇರುತ್ತಿದ್ದೆ.

ಮಗಳು ಅಳಿಯ ದುವ್ವಾಡದಲ್ಲಿ ಹೊಸ ಫ್ಲ್ಯಾಟು ಕೊಂಡರು. ಭಾನುವಾರ ಬೆಳಿಗ್ಗೆ ಗೃಹಪ್ರವೇಶ. ಅದಕ್ಕೆ ಸ್ವಲ್ಪ ಮೊದಲು ಬೀಗರ ನೆಂಟರ ಮದುವೆಗೆಂದು ನಾವಿಬ್ಬರೂ ಕಾರಿನಲ್ಲಿ ವಿಜಯವಾಡಕ್ಕೆ ಹೋಗಿದ್ದೆವು. ಶನಿವಾರ ಬೆಳಿಗ್ಗೆ ಹೊರಡುವಾಗ ಲಕ್ಷ್ಮೀಕಾಂತಮ್ಮನವರು ನನ್ನನ್ನು ಕರೆದರು.

“ಅನ್ನಯ್ಯಗಾರೂ, ಕೃಷ್ಣಾ ತೀರ್ಥಂ ಒಂದು ಕ್ಯಾನು ನಿಮ್ಮ ಡಿಕ್ಕಿಯಾಗ ಇಟ್ಟೀನಿ. ನಾನೇ ನದಿಗೆ ಹೋಗಿ ಮಡೀಲೆ ತಂದಿದ್ದು. ಗೃಹಪ್ರವೇಶಕ್ಕೆ ಅದೇ ಬೇಕು. ನಾವು ರಾತ್ರಿ ಟ್ರೈನ್‌ಗೆ ಬರ್ತೀವಿ, ಟ್ರೈನ್‌ನಾಗ ಅದನ್ನ ಯಾರ್ಯಾರೋ ದಾಟ್ತಾರೆ, ಕಾಲು ತಗಲಿಸ್ತಾರೆ. ನೀವಾದ್ರೆ ನನಗೆ ನಮ್ಮಕಂ.”

ನಮ್ಮಕಂ ಎಂದರೆ ನಂಬಿಕೆ. ನನ್ನ ಮೂವತ್ತು ವರ್ಷದ ಸಂಸಾರದಲ್ಲಿ ಯಾರೂ ನನಗೆ ಈ ಮಾತು ಹೇಳಿರಲಿಲ್ಲ. ಎದೆ ಉಬ್ಬಿತು. “ನನ್ನ ಪ್ರಾಣ ಹೋದರೂ ತೀರ್ಥ ಹೋಗೂದಿಲ್ಲ ತಂಗೀ,” ಎಂದೆ. ಪದ್ಮಾ ಪಕ್ಕದಲ್ಲಿ ನಿಂತು ಕೆಮ್ಮಿದಳು.

ಬೀಗಿತ್ತಿ ಅಷ್ಟಕ್ಕೇ ಬಿಡಲಿಲ್ಲ. ದೂರದ ಪ್ರಯಾಣವೆಂದು ಕಾರಿಗೆ ಪೂಜೆ ಮಾಡಿದರು. ಅವರು ಅರಿಸಿನ, ಕುಂಕುಮ, ಗಂಧ ಕಲಸಿದ ಬಟ್ಟಲು ಹಿಡಿದರೆಂದರೆ ಉಬ್ಬಿದ್ದೆಲ್ಲವೂ ಅವರಿಗೆ ಹಣೆಯೇ. ದೀಪಗಳಿಗೆ ಬೊಟ್ಟು, ಕನ್ನಡಿಗಳಿಗೆ ಬೊಟ್ಟು, ಬಾನೆಟ್ಟಿನ ಮೇಲೆ ಏನೇನು ಎದ್ದು ಕಂಡಿತೋ ಅದಕ್ಕೆಲ್ಲ ಬೊಟ್ಟು. ಕಾರು ಮದುಮಗಳಂತೆ ಹೊರಟಿತು.

ಏಲೂರಿನ ಹತ್ತಿರ ನಮ್ಮ ಮುಂದೆ ಒಂದು ಮೀನಿನ ಲಾರಿ ಬಂತು. ಆ ಕಡೆಯ ಕೆರೆಗಳ ಮೀನನ್ನು ಐಸಿನಲ್ಲಿ ತುಂಬಿ ಒಯ್ಯುವ ಲಾರಿಗಳನ್ನು ನೀವು ನೋಡಿರಬಹುದು. ಹಿಂದಿನಿಂದ ಸದಾ ನೀರು ಸೋರುತ್ತಿರುತ್ತದೆ, ಗಾಳಿಗೆ ಅದು ಹಿಂದೆ ಬರುವವರ ಗಾಜಿನ ಮೇಲೆ ಸಂಪ್ರೋಕ್ಷಣೆಯಾಗುತ್ತದೆ. ನಾನು ವೈಪರ್ ಹಾಕಿದೆ. ಅದು ಅಂಗಳ ಸಾರಿಸಿದಂತೆ ಗಾಜಿನ ತುಂಬ ಮೀನಿನ ಜಿಡ್ಡನ್ನು ಸಮನಾಗಿ ಸಾರಿಸಿತು. ಎದುರಿನ ರಸ್ತೆ ಮಾಯವಾಯಿತು.

“ಅಲ್ರೀ, ಆ ಲಾರಿ ಹಿಂದ ಯಾಕ ಅಂಟಿಕೊಂಡು ಹೊಂಟೀರಿ? ಅವನೇನು ನಿಮ್ಮ ರೀಜನಲ್ ಮ್ಯಾನೇಜರ್ರೇನು?”

“ಮುಂದ ಹೋಗಾಕ ದಾರಿ ಕಾಣಬೇಕಲ್ಲ!”

“ಕಾಣವಲ್ತಂದ್ರ ನಿಲ್ಲಿಸ್ರಿ. ನಾ ನನ್ನ ಮಗಳ ಗೃಹಪ್ರವೇಶ ನೋಡಬೇಕು.”

“ತಡಿ, ಗಾಜಿಗೆ ನೀರು ಬಿಡ್ತೀನಿ,” ಎಂದು ಸ್ಟೀರಿಂಗಿನ ಪಕ್ಕದ ಕಡ್ಡಿಯನ್ನು ಗತ್ತಿನಿಂದ ಎಳೆದೆ. ನೀರು ಬರಲಿಲ್ಲ. ಮತ್ತೆ ಎಳೆದೆ. ಬರಲಿಲ್ಲ. ಕಾರು ಕೊಂಡಾಗಿನಿಂದ ಗಾಜು ತೊಳೆಯುವ ಕೆಲಸವನ್ನು ಮಳೆಗೂ ವಾಚ್‌ಮನ್ನನ ಒದ್ದೆ ಬಟ್ಟೆಗೂ ವಹಿಸಿದ್ದ ನನಗೆ, ಈ ಕಡ್ಡಿ ಯಾವತ್ತಾದರೂ ಕೆಲಸ ಮಾಡಿತ್ತೇ ಎನ್ನುವುದೂ ನೆನಪಾಗಲಿಲ್ಲ. ಕರವಸ್ತ್ರದಿಂದ ಗಾಜು ಒರೆಸುತ್ತ, ಮತ್ತೆ ಕೊಳೆ ಮಾಡಿಕೊಳ್ಳುತ್ತ ಹೇಗೋ ರಾಜಮಹೇಂದ್ರವರಂ ದಾಟಿದೆವು. ಅಲ್ಲಿ ಒಂದು ಎಳನೀರಿನ ಗಾಡಿಯ ಪಕ್ಕ ಕಾರು ನಿಲ್ಲಿಸಿದೆ.

“ಮೆಕ್ಯಾನಿಕ್ಕಿಗೆ ತೋರಸ್ರಿ,” ಎಂದಳು ಪದ್ಮಾ.

ಇದೇ, ಇದೇ ಮಾತು ನನಗೆ ಆಗುವುದಿಲ್ಲ. ಮೊಬೈಲಿನಲ್ಲಿ ಒಂದು ವಿಡಿಯೋ ಹುಡುಕಿದೆ. ಅದರಲ್ಲಿ ಒಬ್ಬ ಗಡ್ಡದವನು ಮೊದಲು ಫ್ಯೂಸು ನೋಡಿ ಎಂದ. ನೋಡಿದೆ. ಸ್ಟೀರಿಂಗಿನ ಕೆಳಗೆ ಬಣ್ಣಬಣ್ಣದ ಫ್ಯೂಸುಗಳು ಪೆಪ್ಪರ್‌ಮಿಂಟಿನಂತೆ ಜೋಡಿಸಿದ್ದವು. ಒಂದನ್ನು ಕಿತ್ತು ಬಿಸಿಲಿಗೆ ಹಿಡಿದು, ವೈದ್ಯರು ಎಕ್ಸ್‌ರೇ ನೋಡುವ ಹಾಗೆ ನೋಡಿ, ಪುನಃ ಸಿಕ್ಕಿಸಿದೆ. ಹಾರ್ನು ಸತ್ತುಹೋಯಿತು. ಆಂಧ್ರದ ಹೈವೇಯಲ್ಲಿ ಬ್ರೇಕಿಲ್ಲದೆ ಬೇಕಾದರೆ ಹೋಗಬಹುದು, ಹಾರ್ನಿಲ್ಲದೆ ಹೋಗಲಾಗದು. ಬೆವರುತ್ತ ಅದನ್ನೇ ಕಿತ್ತು ಗಟ್ಟಿಯಾಗಿ ಒತ್ತಿದಾಗ ಹಾರ್ನು ಬದುಕಿತು.

ಎರಡನೆಯದು ಮೋಟಾರು. ಬಾನೆಟ್ಟು ಎತ್ತಿ ಕಿವಿ ಇಟ್ಟು ಕೇಳಬೇಕಂತೆ. “ನಾ ಹೂಂ ಅಂದ ಕೂಡಲೆ ಕಡ್ಡಿ ಎಳಿ,” ಎಂದು ಪದ್ಮಾಳನ್ನು ಸ್ಟೀರಿಂಗಿನ ಮುಂದೆ ಕೂರಿಸಿ ನಾನು ಗಾಜಿನ ಬುಡದ ಸಂದಿಗೆ ತಲೆ ತೂರಿಸಿದೆ.

“ಹೂಂ!”

ವೈಪರು ನನ್ನ ಕಿವಿಯ ಮೇಲೆ ಪಟಾರನೆ ಬಾರಿಸಿತು. ಅವಳು ಬೇರೆ ಕಡೆಗೆ ಎಳೆದಿದ್ದಳು. (ತಿಳಿಯದೆ ಎಳೆದದ್ದೆಂದು ಅವಳ ವಾದ. ಸಂಶಯದ ಲಾಭವನ್ನು ಆರೋಪಿಗೆ ಕೊಟ್ಟಿದ್ದೇನೆ.) ಎರಡನೆಯ ಸಲ ಗುರ್ರ್ ಎಂಬ ಸದ್ದು ಕೇಳಿಸಿತು. ಮೋಟಾರು ಜೀವಂತ! ಹಾಗಾದರೆ ಟ್ಯಾಂಕಿನಲ್ಲಿ ನೀರಿಲ್ಲ. ಮುಚ್ಚಳ ತೆಗೆದು ಬಗ್ಗಿ ನೋಡಿದೆ, ಪಾತಾಳದವರೆಗೂ ಒಣಕಲು. ನನ್ನ ತರ್ಕಶಕ್ತಿಗೆ ನಾನೇ ತಲೆದೂಗಿದೆ.

ಪದ್ಮಾ “ನನಗ ಗಂಟಲಾರೇತಿ” ಎಂದು ಎಳನೀರು ಕುಡಿಯಲು ಹೋದಳು. ನಾನು ಡಿಕ್ಕಿ ತೆರೆದೆ. ಎರಡು ಬಿಳಿ ಕ್ಯಾನುಗಳಿದ್ದವು. ಒಂದು ನಮ್ಮದು, ಕೈಕಾಲು ತೊಳೆಯಲು ಬೀಗರ ಮನೆಯಲ್ಲಿ ತುಂಬಿಸಿಕೊಂಡದ್ದು. ಇನ್ನೊಂದು ತೀರ್ಥ. ಯಾವುದು ಯಾವುದು? ಬೇರೆ ಯಾವನಾದರೂ ಆಗಿದ್ದರೆ ಹೆಂಡತಿಯನ್ನು ಕೂಗಿ ಕೇಳುತ್ತಿದ್ದ. ನಾನು ತಲೆ ಓಡಿಸಿದೆ. ಒಂದು ಕ್ಯಾನಿನ ನೀರು ಸ್ವಲ್ಪ ಕೆಂಪು, ತಳದಲ್ಲಿ ಮಣ್ಣು. ಇನ್ನೊಂದರದು ಸ್ಫಟಿಕ. ನದಿಯ ನೀರು ಎಲ್ಲಾದರೂ ಸ್ಫಟಿಕದಂತಿರುತ್ತದೆಯೇ? ಎಷ್ಟು ಊರು, ಎಷ್ಟು ಹೊಲ ದಾಟಿ ಬಂದ ತಾಯಿ! ಕೆಂಪು ಕ್ಯಾನಿಗೆ ಎರಡೂ ಕೈ ಜೋಡಿಸಿ ನಮಸ್ಕರಿಸಿ, ಅದನ್ನು ಭದ್ರವಾಗಿ ಒಳಗೆ ಸರಿಸಿ, ತಿಳಿನೀರಿನ ಕ್ಯಾನನ್ನು ಟ್ಯಾಂಕಿಗೆ ಪೂರ್ತಿ ಸುರಿದೆ. ಜಿಡ್ಡು ಹೋಗಲು ಸ್ವಲ್ಪ ಸೋಪು ಹಾಕಿ ಎಂದು ಗಡ್ಡದವನು ಹೇಳಿದ್ದ. ಪದ್ಮಾಳ ಕೈಚೀಲದಲ್ಲಿ ಮಲ್ಲಿಗೆ ವಾಸನೆಯ ಶಾಂಪೂ ಪೊಟ್ಟಣ ಸಿಕ್ಕಿತು. ಹಲ್ಲಿನಿಂದ ಹರಿದು ಅದನ್ನೂ ಸುರಿದೆ.

ಆದರೂ ನೀರು ಬರಲಿಲ್ಲ. ಮೋಟಾರು ಗುರ್ರ್ ಎನ್ನುತ್ತಿತ್ತು, ಗಾಜು ಒಣಗಿಯೇ ಇತ್ತು. ಎಳನೀರು ಮುಗಿಸಿ ಬಂದ ಪದ್ಮಾ ಬಾನೆಟ್ಟಿನ ಮೇಲೆ ಬೆರಳಿಟ್ಟಳು.

“ನೀರು ಬರೂ ತೂತು ಇವೇ ಅಲ್ಲೇನ್ರಿ? ಇದರ ಮ್ಯಾಲೆ ವದಿನಗಾರು ಬೊಟ್ಟು ಇಟ್ಟಾರಲ್ಲ!”

ನೋಡಿದರೆ ಹೌದು. ಬಾನೆಟ್ಟಿನ ಮೇಲಿನ ಎರಡು ಪುಟ್ಟ ಉಬ್ಬುಗಳ ಮೇಲೆ ಅರಿಸಿನ ಕುಂಕುಮ ಗಂಧ ಒಣಗಿ ಸಿಮೆಂಟಾಗಿತ್ತು. “ನಾನೂ ಅದನ್ನೇ ನೋಡಾಕ ಹೊಂಟಿದ್ದೆ,” ಎಂದೆ. ಅವಳು ಬಳೆಯಲ್ಲಿದ್ದ ಪಿನ್ನು ಬಿಚ್ಚಿ ಕೊಟ್ಟಳು. ಚುಚ್ಚಿ, ಕೆರೆದು, ಊದಿ, ಪುನಃ ಕಡ್ಡಿ ಎಳೆದಾಗ, ಆಹಾ! ಮೊದಲು ಅರಿಸಿನದ ಹಳದಿ, ಆಮೇಲೆ ಬೆಳ್ಳನೆಯ ಎರಡು ಕಾರಂಜಿ. ಗಾಜಿನ ತುಂಬ ನೊರೆ, ಕಾರಿನ ತುಂಬ ಮಲ್ಲಿಗೆ ಪರಿಮಳ, ಎದುರಿಗೆ ಕನ್ನಡಿಯಂಥ ರಸ್ತೆ.

ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ತುನಿ ಬಂತು, ನೀರು ಬಿಟ್ಟೆ. ಟೋಲ್ ಬಂತು, ನೀರು ಬಿಟ್ಟೆ. ಸುಮ್ಮನೆ ಹಾರಿಬಂದ ಚಿಟ್ಟೆಯೊಂದಕ್ಕೂ ಬಿಟ್ಟೆ. “ಹುಡುಗರಾಟಾ ಸಾಕ್ರಿ” ಎಂದರೂ ಬಿಡಲಿಲ್ಲ. ಅನಕಾಪಲ್ಲಿ ಹತ್ತಿರ ಬಂದಾಗ ಬೀಗಿತ್ತಿಯ ಫೋನು ಬಂತು. ಪದ್ಮಾ ಸ್ಪೀಕರಿಗೆ ಹಾಕಿದಳು.

“ವದಿನಗಾರೂ, ತೀರ್ಥಂ ಜಾಗ್ರತ್ತ. ನೀಲಿ ಮುಚ್ಚಳದ ಕ್ಯಾನು. ಒಂದು ಕಸ ಇರಬಾರದಂತ ಬಟ್ಟೆಯಾಗ ಏಳು ಸಲ ಸೋಸೀನಿ. ನೋಡಿದ್ರೆ ಮುತ್ತಿನಂಗೆ ಇರ್ತದೆ!”

ಕಾರು ತಾನಾಗಿಯೇ ರಸ್ತೆಯ ಅಂಚಿಗೆ ಹೋಗಿ ನಿಂತಿತು. ನನ್ನ ಕಾಲ ಬಳಿ ನೀಲಿ ಮುಚ್ಚಳದ ಖಾಲಿ ಕ್ಯಾನು ಬಿದ್ದಿತ್ತು. ಪದ್ಮಾ ಅದನ್ನು ನೋಡಿದಳು. ನನ್ನನ್ನು ನೋಡಿದಳು. ಇನ್ನೂ ನೊರೆ ಇಳಿಯುತ್ತಿದ್ದ ಗಾಜನ್ನು ನೋಡಿದಳು. ಫೋನಿಗೆ ಮಾತ್ರ “ಆಯ್ತ್ರಿ ವದಿನಗಾರು, ಕಣ್ಣಾಗ ಕಣ್ಣಿಟ್ಟು ಕಾಯಾಕತ್ತೀವಿ” ಎಂದು ಜೇನಿನಂಥ ದನಿಯಲ್ಲಿ ಹೇಳಿ ಕಟ್ ಮಾಡಿದಳು.

“ಇನ್ನೊಂದು ಕ್ಯಾನು?” ಎಂದು ಕ್ಷೀಣವಾಗಿ ಕೇಳಿದೆ.

“ಅದು ಬೋರ್‌ವೆಲ್ ನೀರು! ಅವರ ಬಚ್ಚಲದಾಗ ತುಂಬಿಸಿದ್ದು!”

ನಾನು ಭಕ್ತಿಯಿಂದ ಕೈ ಮುಗಿದದ್ದು ಬೀಗರ ಬಚ್ಚಲಿಗೆ. ಕೃಷ್ಣೆಯನ್ನು ಅರ್ಧ ಆಂಧ್ರದ ರಸ್ತೆಗೆ ಚಿಮುಕಿಸುತ್ತ ಬಂದಿದ್ದೆ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ನನ್ನ ಮಾನ ಹೋದರೆ ಹೋಗಲಿ, ಅದು ಹೋಗಿ ಅಭ್ಯಾಸವಿದೆ. ಜಾಹ್ನವಿ ಆ ಮನೆಯಲ್ಲಿ ಬಾಳಬೇಕು. ‘ನಿಮ್ಮ ಅಪ್ಪಗೆ ಒಂದು ಕ್ಯಾನು ತೀರ್ಥ ಕೊಟ್ಟೆ, ಅದರಾಗ ಮೀನಿನ ಜಿಡ್ಡು ತೊಳೆದರು’ ಎನ್ನುವ ಮಾತನ್ನು ಅವಳು ಜೀವಮಾನವಿಡೀ ಕೇಳಬೇಕಾಗುತ್ತದಲ್ಲ!

“ನಲ್ಲಿ ನೀರು ತುಂಬಿ ಕೊಟ್ಟರಾತು, ಯಾರಿಗೆ ಗೊತ್ತಾಗ್ತೈತಿ?” ಎಂದೆ.

“ಛೀ! ದೇವರ ಕೆಲಸಕ್ಕ ಸುಳ್ಳು ನೀರು ಕೊಡ್ತೀರಿ? ಟ್ಯಾಂಕಿನ್ಯಾಗ ಉಳಿದಷ್ಟು ತೀರ್ಥ ತೆಗೀರಿ.”

“ಅದರಾಗ ಶಾಂಪೂ ಐತಲ್ಲ!”

“ಶಾಂಪೂ ಹಾಕಿದ್ರೂ ತೀರ್ಥ ತೀರ್ಥನ. ಹ್ಯಾಂಗೂ ಮನಿಗೆ ಚಿಮುಕ್ಸೋದು, ಯಾರೂ ಕುಡಿಯೂದಿಲ್ಲ.”

ಇದು ಅವಳ ಧರ್ಮಶಾಸ್ತ್ರ. ಇದಕ್ಕೆ ಮೇಲ್ಮನವಿ ಇಲ್ಲ.

ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ತೀರ್ಥೋದ್ಧಾರ ಕಾರ್ಯ ಆರಂಭವಾಯಿತು. ಟ್ಯಾಂಕಿನ ಬಾಯಿ ಸಪೂರ, ಒಳಗೆ ಜರಡಿ ಬೇರೆ; ಬಗ್ಗಿಸಿ ಸುರಿಯಲು ಕಾರೇನು ತಂಬಿಗೆಯೇ? ನೀರು ಹೋದ ದಾರಿಯಲ್ಲೇ ಬರಬೇಕಿತ್ತು. ಪದ್ಮಾ ಸ್ನಾನ ಮಾಡಿ, ಮಡಿಸೀರೆ ಉಟ್ಟು, ಸ್ಟೀಲಿನ ಬೋಗುಣಿಯನ್ನು ಬಾನೆಟ್ಟಿನ ಮೇಲೆ ಅಡ್ಡ ಹಿಡಿದು ನಿಂತಳು. ನಾನು ಒಳಗೆ ಕೂತು ಕಡ್ಡಿ ಎಳೆದೆ. ಎರಡು ಧಾರೆಗಳೂ ಬೋಗುಣಿಯನ್ನು ದಾಟಿ ನೇರವಾಗಿ ಅವಳ ಮುಖಕ್ಕೆ ಹೊಡೆದವು.

“ನಿಮಗ ಇದೊಂದು ಆಸೆ ಇತ್ತೇನು?” ಎಂದಳು ನೊರೆಯ ನಡುವಿನಿಂದ.

(ಇಲ್ಲವೆಂದು ಪ್ರಮಾಣ ಮಾಡಲಾರೆ.) ಬೋಗುಣಿಯನ್ನು ತೂತಿಗೆ ಇನ್ನಷ್ಟು ಒತ್ತಿ ಹಿಡಿದಾಗ ನೀರು ಟಣ್ ಎಂದು ತಗುಲಿ ಒಳಗೆ ಬೀಳತೊಡಗಿತು. ಅಷ್ಟರಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಭೀಮಸೇನರಾಯರು ಬಂದರು. ಪಾರ್ಕಿಂಗಿನಲ್ಲಿ ಕಾರು ತೊಳೆಯಬಾರದೆಂದು ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆಸಿದವರೇ ಅವರು.

“ಏಮಂಡಿ ಮ್ಯಾನೇಜರ್‌ಗಾರೂ, ಕಾರು ತೊಳೀತಿದ್ದೀರಾ?” ಎಂದು ತೆಲುಗಿನಲ್ಲಿ ಗುಡುಗಿದರು.

“ಇಲ್ಲರೀ, ಇದು ಕೃಷ್ಣಾ ತೀರ್ಥ,” ಎಂದು ನನ್ನ ಮುರುಕು ತೆಲುಗಿನಲ್ಲಿ ಹೇಳಿದೆ. ಬೇರೆ ಸುಳ್ಳು ತಕ್ಷಣ ಹೊಳೆಯದೆ ನಿಜವನ್ನೇ ಹೇಳಬೇಕಾಗಿ ಬಂತು.

ರಾಯರು ಬಾನೆಟ್ಟನ್ನು ನೋಡಿದರು, ಮಡಿಸೀರೆಯ ಪದ್ಮಾಳನ್ನು ನೋಡಿದರು. ಏನು ಅರ್ಥವಾಯಿತೋ, ಚಪ್ಪಲಿ ಬಿಟ್ಟು ಬಂದು ಬಲಗೈ ಒಡ್ಡಿದರು. ಪದ್ಮಾ ಗಾಬರಿಯಾಗಿ ಕೈಗೆ ಹಾಕದೆ ಅವರ ತಲೆಗೆ ಚಿಮುಕಿಸಿಬಿಟ್ಟಳು. ಅವರು ಬೋಳುತಲೆಯ ಮೇಲೆ ನೊರೆ ಹೊತ್ತು, ಕಣ್ಣು ಮುಚ್ಚಿ ಏನೋ ಗೊಣಗಿ, ಧನ್ಯರಾಗಿ ಲಿಫ್ಟಿಗೆ ಹೋದರು. ಮೋಟಾರು ಒಣ ಸದ್ದು ಮಾಡುವ ಹೊತ್ತಿಗೆ ನಮಗೆ ಒಂದು ತಂಬಿಗೆಯಷ್ಟು ತೀರ್ಥ ದಕ್ಕಿತು. ಬಟ್ಟೆಯಲ್ಲಿ ಸೋಸಿ ಬೆಳ್ಳಿ ತಂಬಿಗೆಗೆ ತುಂಬಿದೆವು. ಅಲುಗಾಡಿಸದಿದ್ದರೆ ತಿಳಿಯಾಗಿಯೇ ಕಾಣುತ್ತಿತ್ತು.

ಮರುದಿನ ದುವ್ವಾಡದ ಫ್ಲ್ಯಾಟು ನೆಂಟರಿಂದ ಕಿಕ್ಕಿರಿದಿತ್ತು. ಅಡುಗೆಮನೆಯಿಂದ ಪುಳಿಹೊರ, ತುಂಬುಬದನೆಕಾಯಿ, ತುಪ್ಪದಲ್ಲಿ ಬೇಯುತ್ತಿದ್ದ ಒಬ್ಬಟ್ಟಿನ ಪರಿಮಳ. ನಾನು ತಂಬಿಗೆಯನ್ನು ತುಂಬಿದ ಬಂದೂಕು ಹಿಡಿದವನಂತೆ ಅಲುಗದೆ ಹಿಡಿದು ತಂದೆ. ಲಕ್ಷ್ಮೀಕಾಂತಮ್ಮನವರು ಅದನ್ನು ಕಣ್ಣಿಗೊತ್ತಿಕೊಂಡರು.

“ಕ್ಯಾನಿನಿಂದ ಬೆಳ್ಳಿ ತಂಬಿಗೆಗೆ ಹಾಕಿ ತಂದಾರೆ! ನೋಡಿದ್ರಾ, ಅನ್ನಯ್ಯಗಾರಿಗೆ ಎಷ್ಟು ಶ್ರದ್ಧೆ!” ಎಂದು ಗಂಡನಿಗೆ ಹೇಳಿದರು. ಜಾಹ್ನವಿ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. ನೆಲ ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತು. ಆದರೆ ಹೊಸ ಟೈಲ್ಸು, ಬಿರಿಯಲಿಲ್ಲ.

ಪುರೋಹಿತರು ಮಾವಿನೆಲೆಯನ್ನು ತಂಬಿಗೆಯಲ್ಲಿ ಅದ್ದಿ, ಮಂತ್ರ ಹೇಳುತ್ತ ಗಿರಗಿರನೆ ತಿರುಗಿಸಿದರು. ನೊರೆ ಎದ್ದಿತು. ತಿರುಗಿಸಿದಷ್ಟೂ ಎದ್ದಿತು. ಪುರೋಹಿತರ ಮಂತ್ರ ನಿಧಾನವಾಯಿತು.

“ಹೊಳಿ ನೀರಲ್ಲೇನ್ರಿ, ಉತ್ಸಾಹ ಜಾಸ್ತಿ,” ಎಂದಳು ಪದ್ಮಾ.

ಅವರು ಕೋಣೆ ಕೋಣೆಗೂ ಚಿಮುಕಿಸುತ್ತ ಹೋದಂತೆ ಮನೆಯೆಲ್ಲ ಮಲ್ಲಿಗೆ ಘಮಘಮಿಸಿತು. ಬೀಗಿತ್ತಿಯ ಕಣ್ಣಲ್ಲಿ ನೀರು ಬಂತು. “ಅಮ್ಮನವರೇ ಮಲ್ಲಿಗೆ ಮುಡಿದು ಮನೆಯೊಳಗೆ ಓಡಾಡಿದಂಗೈತೆ!” ಎಂದರು. ನೆಂಟರೆಲ್ಲ ಮೂಗೆಳೆದು ಕೈಮುಗಿದರು. ಅಳಿಯ ಅನಿಲ್‌ಕುಮಾರನೊಬ್ಬ ಮಾತ್ರ ಎರಡೆರಡು ಸಲ ಮೂಗೆಳೆದು ಹುಬ್ಬು ಗಂಟಿಕ್ಕಿದ. ಕೆಲಸ ಅವನ ಮೂಗಿಗೆ ಹತ್ತಿಬಿಟ್ಟಿದೆ.

ಇನ್ನೇನು ಗೆದ್ದೆವು ಎಂದುಕೊಂಡೆ. ಆಗ ಪುರೋಹಿತರು ಮಣೆಯ ಮೇಲೆ ಕೂತು, “ಎಲ್ಲರೂ ಬನ್ನಿ, ತೀರ್ಥ ತೆಗೆದುಕೊಳ್ಳಿ” ಎಂದರು. ಅವರ ಕೈ ತಂಬಿಗೆಯ ಕಡೆಗೆ ಹೋಯಿತು. ಕೋಲೂರಿಕೊಂಡ ಬೀಗರ ಸೋದರತ್ತೆ ಆಗಲೇ ಎಲ್ಲರಿಗಿಂತ ಮುಂದೆ ಬಂದು ಅಂಗೈ ಚಾಚಿ ನಿಂತಿದ್ದರು. ಅವರ ಹಿಂದೆ ಮಕ್ಕಳು. ಅವರ ಹಿಂದೆ ನನ್ನ ಮಗಳು.

ಯೋಚಿಸಲು ಸಮಯವಿರಲಿಲ್ಲ. ನಾನು ಹಾರಿ ಆ ತಂಬಿಗೆಯನ್ನು ಕಿತ್ತುಕೊಂಡೆ. ಮುಂದೆ ಏನು ಮಾಡುವುದೆಂದು ತಿಳಿಯಲಿಲ್ಲ. ಚೆಲ್ಲಿದರೆ ತೀರ್ಥಕ್ಕೆ ಅವಮಾನ, ಓಡಿದರೆ ನನಗೆ. ಕಣ್ಣು ಮುಚ್ಚಿ, ತಂಬಿಗೆಯನ್ನು ಬಾಯಿಗೆತ್ತಿ, ಉಳಿದಷ್ಟನ್ನೂ ಗಟಗಟನೆ ಕುಡಿದುಬಿಟ್ಟೆ. ಶಾಂಪೂವಿನ ವಾಸನೆ ಮಲ್ಲಿಗೆಯದಾದರೂ ರುಚಿ ಮಲ್ಲಿಗೆಯದಲ್ಲ ಎಂಬುದನ್ನು ಅನುಭವದಿಂದ ಹೇಳಬಲ್ಲೆ.

ಅದೇ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ದುರ್ಗಾಪ್ರಸಾದರು ಒಂದು ಪಂಚಪಾತ್ರೆ ಹಿಡಿದು ಕಾಣಿಸಿಕೊಂಡರು.

“ಬಾವಗಾರೂ,” ಎಂದರು ಅವರು ತೆಲುಗಿನಲ್ಲಿ, ಕಂಗಾಲಾಗಿ, “ಕುಡಿಯೋ ತೀರ್ಥಂ ಇದು. ಪೂಜೇದು. ಆ ತಂಬಿಗೆ ಬರೀ ಪ್ರೋಕ್ಷಣೆಗೆ!”

“ಅದನ್ನ ಪಕ್ಕಕ್ಕೆ ಸರಿಸೋಣ ಅಂತ ಕೈ ಹಾಕಿದೆ ನಾನು,” ಎಂದರು ಪುರೋಹಿತರು ತೆಲುಗಿನಲ್ಲಿ. “ಆ ಮಾವಿನೆಲೆ ಎರಡೂ ಬಚ್ಚಲಮನೆ, ಪಾಯಖಾನೆ ಎಲ್ಲ ತಿರುಗಿ ಬಂದಿದೆ.”

ನಾನು ಏನೋ ಹೇಳಲೆಂದು ಬಾಯಿ ತೆರೆದೆ. ಬಿಕ್ಕಳಿಕೆ ಬಂತು. ಬಿಕ್ಕಳಿಕೆಯ ಜೊತೆಗೆ ಒಂದು ಗುಳ್ಳೆಯೂ ಬಂತು. ದುಂಡಗಿನ, ಬಣ್ಣಬಣ್ಣದ, ಲಿಂಬೆಹಣ್ಣಿನಷ್ಟು ದಪ್ಪದ ಗುಳ್ಳೆ. ಅದು ತೇಲುತ್ತ ಹೋಗಿ ಬೀಗಿತ್ತಿಯ ಮೂಗಿನ ತುದಿಯಲ್ಲಿ ಟಪ್ಪನೆ ಒಡೆಯಿತು.

“ಅಪ್ಪಾ!” ಎಂದಳು ಜಾಹ್ನವಿ.

ಅನಿಲ್‌ಕುಮಾರ್ ಖಾಲಿ ತಂಬಿಗೆಯನ್ನು ಮೂಸಿದ. “ಮಾವಯ್ಯಗಾರೂ, ಇದು ಶಾಂಪೂ,” ಎಂದು ಪರೀಕ್ಷಾ ವರದಿ ಕೊಟ್ಟ.

ನಾನು ಪದ್ಮಾಳ ಕಡೆ ನೋಡಿದೆ. ಅವಳು, “ನಾ ಆಗಲೇ ಹೇಳಿದ್ದೆ, ಮೆಕ್ಯಾನಿಕ್ಕಿಗೆ ತೋರಸ್ರಿ ಅಂತ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಮೀನಿನ ಲಾರಿಯಿಂದ ಹಿಡಿದು ಬೋಗುಣಿಯವರೆಗೆ, ನಡುನಡುವೆ ಬಿಕ್ಕಳಿಸುತ್ತ, ಎಲ್ಲವನ್ನೂ ಒಪ್ಪಿಕೊಂಡೆ. ಲಕ್ಷ್ಮೀಕಾಂತಮ್ಮನವರು ಮುಖವನ್ನು ಗಂಟು ಹಾಕಿಕೊಂಡು ಪೂರ್ತಿ ಕೇಳಿದರು. ನನ್ನ ಕಣ್ಣು ಮಗಳ ಮೇಲೆಯೇ ಇತ್ತು. ಅವಳು ಸೆರಗಿನ ತುದಿಯನ್ನು ತಿರುಚುತ್ತ ನಿಂತಿದ್ದಳು.

ಬೀಗಿತ್ತಿಯ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಭುಜ. ಆಮೇಲೆ ಅವರು ಗೋಡೆ ಹಿಡಿದು, ಕಣ್ಣೀರು ಬರುವಷ್ಟು ನಕ್ಕರು. “ದಾರಿ ಕಾಣದೆ ನೀವಿಬ್ಬರೂ ಎಲ್ಲಿಗೋ ಗುದ್ದಿದ್ರೆ ನಾನು ಗೃಹಪ್ರವೇಶ ಮಾಡ್ತಿದ್ದೆನಾ ಅನ್ನಯ್ಯಾ? ಆ ತಾಯಿನೇ ಗಾಜು ತೊಳೆದು ನಿಮ್ಮನ್ನ ಮನೆ ಮುಟ್ಟಿಸಿದ್ಲು,” ಎಂದು ಸೊಸೆಯ ಹೆಗಲ ಮೇಲೆ ಕೈ ಹಾಕಿದರು. ಜಾಹ್ನವಿಯೂ ನಕ್ಕಳು. ನನಗೆ ಅಳುವೇ ಬಂತು. ಅಂಥ ನಿರಾಳವನ್ನು ನಾನು ಬಹಳ ದಿನಗಳಿಂದ ಅನುಭವಿಸಿರಲಿಲ್ಲ.

“ಆದ್ರೆ,” ಎಂದರು ಬೀಗಿತ್ತಿ ಕಣ್ಣೊರೆಸಿಕೊಂಡು, “ಪಾಯಖಾನೆ ಸುತ್ತಿ ಬಂದ ನೀರು ಕುಡಿದೀರಿ. ಮೈಲಿಗೆ ಆಯ್ತಲ್ಲಾ! ಏನು ಮಾಡಬೇಕು ಪಂತುಲುಗಾರೂ?”

ಪುರೋಹಿತರು ಕ್ಷಣವೂ ತಡೆಯದೆ ಸೂರ್ಯಾಸ್ತದವರೆಗೆ ಉಪವಾಸ ಎಂದರು. ಶಾಸ್ತ್ರದಿಂದ ವಿಜ್ಞಾನವಾದರೂ ನನ್ನನ್ನು ಕಾಪಾಡೀತೆಂದು ಅಳಿಯನ ಕಡೆ ತಿರುಗಿದೆ. “ಹೊಟ್ಟೆಗೆ ಎಣ್ಣೆ, ತುಪ್ಪ ಏನೂ ಬೇಡ ಮಾವಯ್ಯಗಾರೂ, ಬರೀ ನೀರು,” ಎಂದ ಅವನು. ಶಾಸ್ತ್ರವೂ ವಿಜ್ಞಾನವೂ ಜೀವನದಲ್ಲಿ ಮೊದಲ ಸಲ ಒಂದಾದದ್ದು ನನ್ನ ಊಟದ ವಿಷಯದಲ್ಲಿ.

ಪಂಕ್ತಿ ಕೂತಿತು. ಎಲೆ ಹಾಕಿದರು. ನನ್ನನ್ನು ಎದುರಿಗೆ ಕುರ್ಚಿಯಲ್ಲಿ, ಕೈಯಲ್ಲೊಂದು ಲೋಟ ನೀರು ಕೊಟ್ಟು ಕೂರಿಸಿದರು. ಪದ್ಮಾ ಮೂರನೆಯ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು, ಒಂದು ತುಂಡು ಮುರಿದು, ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು.

“ಹ್ಯಾಂಗೈತಿ ಅಂತ ಹೇಳ್ಲೇನ್ರಿ?” ಎಂದಳು.

ಈ ಮಾತಿಗಾದರೂ ಒಂದು ಖಡಕ್ ಉತ್ತರ ಕೊಡಲೇಬೇಕೆಂದು ಎದ್ದು ನಿಂತು ಬಾಯಿ ತೆರೆದೆ. ಬಿಕ್ಕಳಿಕೆ ಬಂತು. ಈ ಸಲ ಎರಡು ಗುಳ್ಳೆಗಳು. ಪಂಕ್ತಿಯಲ್ಲಿ ಕೂತವರೆಲ್ಲ ಊಟ ಬಿಟ್ಟು ಚಪ್ಪಾಳೆ ತಟ್ಟಿದರು.